ರಾಮಾಯಣ ಉಪ್ಪಾಗಿತ್ತಂತೆ

ನಮ್ಮ ಜನಪದ ರಾಮಾಯಣವೊಂದರಲ್ಲಿ, ಮಕ್ಕಳಿಲ್ಲದ ರಾವಣ ವರವಾಗಿ ಬಂದ ಮಾವಿನ ಹಣ್ಣಿನ ತಿರುಳನ್ನೆಲ್ಲ ತಾನೇ ತಿಂದು ಹೆಂಡತಿಗೆ ವಾಟೆಯನ್ನು ಕೊಡುತ್ತಾನೆ. ಬಸಿರಾಗುವವನು ಅವನೇ. ದಿನವೊಂದು ತಿಂಗಳಾಗಿ ಕಳೆದು, ಒಂಬತ್ತನೆಯ ದಿನ ಸೀನಿದಾಗ ಹೆಣ್ಣುಮಗು ಹುಟ್ಟುತ್ತದೆ. ಸೀತದ್ದರಿಂದ ಬಂದವಳು ಸೀತೆ! ಸೀನಿಗೂ ಸೀತೆಗೂ ಹೀಗೆ ಗಂಟು ಹಾಕುವುದು ಕನ್ನಡಕ್ಕೆ ಮಾತ್ರ ಸಾಧ್ಯ. ಹಾಡಿದವರು ದಲಿತ ಗಾಯಕರು. ಹೆತ್ತ ತಂದೆಯೇ ತಿಳಿಯದೆ ಮಗಳನ್ನು ಬಯಸುವ ದುರಂತ ಆ ಹಾಡಿನೊಳಗಿದೆ.

ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ‘ಮುನ್ನೂರು ರಾಮಾಯಣಗಳು’ ಪ್ರಬಂಧದಲ್ಲಿ ಇದನ್ನು ವಾಲ್ಮೀಕಿ, ಕಂಬ, ಜೈನ ಮತ್ತು ಥಾಯ್ ರಾಮಾಯಣಗಳ ಪಕ್ಕದಲ್ಲಿಟ್ಟರು. ದೆಹಲಿ ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳು ಅದನ್ನು ಓದುತ್ತಿದ್ದರು. 2008ರ ಫೆಬ್ರವರಿಯಲ್ಲಿ ವಿದ್ಯಾರ್ಥಿ ಸಂಘಟನೆಯೊಂದರ ಕಾರ್ಯಕರ್ತರು, ಈ ಪ್ರಬಂಧ ರಾಮನಿಗೆ ಅವಮಾನವೆಂದು, ಇತಿಹಾಸ ವಿಭಾಗಕ್ಕೆ ನುಗ್ಗಿ ದಾಂಧಲೆ ಮಾಡಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ನಾಲ್ವರು ತಜ್ಞರ ಸಮಿತಿಯಾಯಿತು. ಮೂವರು ತಪ್ಪೇನೂ ಇಲ್ಲವೆಂದರು. ಒಬ್ಬರು ಮಾತ್ರ ಪದವಿ ತರಗತಿಯಲ್ಲಿ ಇದನ್ನು ಕಲಿಸುವುದು ಕಷ್ಟವೆಂದರು. ಆದರೂ 2011ರ ಅಕ್ಟೋಬರ್‌ನಲ್ಲಿ ವಿಶ್ವವಿದ್ಯಾಲಯದ ಅಕಾಡೆಮಿಕ್ ಕೌನ್ಸಿಲ್ ಪ್ರಬಂಧವನ್ನು ಪಠ್ಯದಿಂದ ತೆಗೆದುಹಾಕಿತು. ಓದಿ ಹೇಳಿದ ಮೂವರ ಮಾತಿಗೆ ಬೆಲೆ ಸಿಗಲಿಲ್ಲ. ನನ್ನನ್ನು ಇಂದಿಗೂ ಸುಡುವುದು ಇದೇ.

ಆ ಪ್ರಬಂಧದ ಕೊನೆಯಲ್ಲಿ ಒಂದು ಕಥೆಯಿದೆ. ಮಂದಬುದ್ಧಿಯ ಗಂಡನೊಬ್ಬನನ್ನು ಹೆಂಡತಿ ರಾಮಾಯಣ ಕೇಳಲು ಕಳುಹಿಸುತ್ತಾಳೆ. ಅವನು ದಿನವೂ ಮಲಗಿಬಿಡುತ್ತಾನೆ. ಒಂದು ದಿನ ಯಾರೋ ಬಾಯಿಗೆ ಸಿಹಿ ಹಾಕಿದರೆ ‘ರಾಮಾಯಣ ಸಿಹಿಯಾಗಿತ್ತು’ ಎನ್ನುತ್ತಾನೆ. ಇನ್ನೊಂದು ದಿನ ತೆರೆದ ಬಾಯಿಗೆ ನಾಯಿ ಉಚ್ಚೆ ಹೊಯ್ದರೆ ‘ಉಪ್ಪಾಗಿತ್ತು’ ಎನ್ನುತ್ತಾನೆ. ಕೊನೆಗೆ ಹೆಂಡತಿಯೇ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸುತ್ತಾಳೆ. ಆ ದಿನ ಅವನು ನಿಜವಾಗಿ ಕೇಳುತ್ತಾನೆ. ಸಮುದ್ರ ಹಾರುವ ಹನುಮಂತನ ಕೈಯಿಂದ ರಾಮನ ಉಂಗುರ ಜಾರಿತೆಂದು ಕೇಳಿದೊಡನೆ ‘ಚಿಂತಿಸಬೇಡ, ನಾನು ತರುತ್ತೇನೆ’ ಎಂದು ಕಥೆಯೊಳಗಿನ ಸಮುದ್ರಕ್ಕೇ ಜಿಗಿದು ಉಂಗುರವನ್ನು ಎತ್ತಿ ತರುತ್ತಾನೆ. ರಾಮಾಯಣದ ಶಕ್ತಿಯನ್ನು ಇಷ್ಟು ಪ್ರೀತಿಯಿಂದ ಕೊಂಡಾಡಿದ ಬರಹವನ್ನು ರಾಮನಿಗೆ ಅವಮಾನವೆಂದರಲ್ಲ! ಆ ಕೊನೆಯ ಪುಟದವರೆಗೆ ಬಂದವರಿಗೆ ಹಾಗನ್ನಿಸಲು ಹೇಗೆ ಸಾಧ್ಯ?

ಅಮೆರಿಕದಲ್ಲೂ ಹೀಗಾಗಿದೆ. 2010ರಲ್ಲಿ ಟೆಕ್ಸಾಸ್‌ನ ಶಿಕ್ಷಣ ಮಂಡಳಿ ಮೂರನೆಯ ತರಗತಿಯ ಪಟ್ಟಿಯಿಂದ ಮಕ್ಕಳ ಲೇಖಕ ಬಿಲ್ ಮಾರ್ಟಿನ್ ಅವರ ಹೆಸರನ್ನು ತೆಗೆಯಿತು. ಕಂದು ಕರಡಿಯೊಂದು ಕಂಡದ್ದನ್ನು ಹೇಳುವ ಪುಟ್ಟ ಪುಸ್ತಕ ಬರೆದವರು ಅವರು. ಮಾರ್ಕ್ಸ್‌ವಾದದ ಬಗ್ಗೆ ಬರೆದವರು ಇವರೇ ಎಂದು ಮಂಡಳಿ ತಪ್ಪು ತಿಳಿದಿತ್ತು. ಅದನ್ನು ಬರೆದವನು ಅದೇ ಹೆಸರಿನ ಬೇರೊಬ್ಬ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. 2022ರಲ್ಲಿ ನಮ್ಮ ಪಠ್ಯಪುಸ್ತಕ ಪರಿಷ್ಕರಣೆಯ ಗಲಾಟೆ ಎದ್ದಾಗ ಮೊಬೈಲಿನಲ್ಲಿ ಬಂದ ಒಂದೇ ಪುಟ ನೋಡಿ ನಾನೂ ಸಿಟ್ಟಾಗಿದ್ದೆ. ಪೂರ್ತಿ ಪಾಠವನ್ನು ತರಿಸಿ ಓದಿದ ಮೇಲೂ ಸಿಟ್ಟು ಉಳಿಯಿತು, ಆದರೆ ಬೇರೆ ಕಾರಣಕ್ಕೆ. ಆ ಕಾರಣವನ್ನು ಎದುರಿಗಿದ್ದವರಿಗೆ ಸಾಲು ತೋರಿಸಿ ಹೇಳಲು ಸಾಧ್ಯವಾಯಿತು. ಪುಸ್ತಕವೊಂದು ಮಕ್ಕಳಿಗೆ ತಕ್ಕುದಲ್ಲವೆನ್ನುವ ಹಕ್ಕು ತಾಯಿತಂದೆಯರಿಗೆ ಖಂಡಿತ ಇದೆ. ಯಾವ ಪುಟ, ಅದರ ಹಿಂದೇನಿದೆ, ಮುಂದೇನಿದೆ ಎಂದು ಹೇಳಲಿ. ನಾನು ಎಷ್ಟು ಹೊತ್ತಾದರೂ ಕುಳಿತು ಕೇಳುತ್ತೇನೆ. ಅಲ್ಲಿಯವರೆಗೆ ಪುಸ್ತಕ ಕಪಾಟಿನಲ್ಲೇ ಇರಲಿ.

ಮೂರು ವರ್ಷದ ಹಿಂದೆ ನಾನು ಹೀಗೆ ಗಟ್ಟಿಯಾಗಿ ನಿಲ್ಲಲಿಲ್ಲ. ಹಿರಿಯರೊಬ್ಬರು ಶಾಲೆಗೆ ಬಂದು, ನಮ್ಮ ಗ್ರಂಥಾಲಯದ ಕಥಾಸಂಕಲನವೊಂದರ ಅರ್ಧ ಪುಟದ ಫೋಟೊ ತೋರಿಸಿ, ಅದನ್ನು ತೆಗೆಯಲೇಬೇಕೆಂದರು. “ಕಥೆ ಓದಿದಿರಾ ಸರ್?” ಎಂದೆ. “ಇಂಥದ್ದನ್ನು ಓದಬೇಕೇನ್ರೀ?” ಎಂದರು. ಊರಿನಲ್ಲಿ ಮಾತು ಬೆಳೆಯುವುದು ಬೇಡವೆಂದು ಪುಸ್ತಕ ಬೀರು ಸೇರಿತು, ನನ್ನ ಕೈಯಿಂದಲೇ. ಅದನ್ನು ಓದುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿ ಎರಡು ಸಲ ಬಂದು “ಸರ್, ಆ ಪುಸ್ತಕ ಯಾವಾಗ ಕೊಡುತ್ತೀರಿ?” ಎಂದು ಕೇಳಿದಳು. ಮೂರನೆಯ ಸಲ ಕೇಳಲಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ಹೋದಳು. ಕಳೆದ ವಾರ ಬೀರು ತೆಗೆದಾಗ ನೋಡಿದೆ: ಅವಳು ಗುರುತಿಗಿಟ್ಟ ಬಸ್ ಟಿಕೆಟ್ ಕಥೆಯ ನಡುವೆ ಹಾಗೆಯೇ ಇತ್ತು.