ಕದ್ದ ಪುಸ್ತಕ ವಾಪಸ್ ಬಂದ್ರೆ ಅನುಮಾನ ಪಡ್ಬೇಕು

ಓದೋಕೆ ಅಂತ ಪುಸ್ತಕ ತಗೊಂಡು ಹೋದೋರು ವಾಪಸ್ ಕೊಡಲ್ಲ, ಇದು ಲೋಕರೂಢಿ, ಇದರಲ್ಲಿ ಮಿಸ್ಟರಿ ಏನೂ ಇಲ್ಲ. ಆದ್ರೆ ಅಂಗಡಿಯಿಂದ ಎಗರಿಸಿಕೊಂಡು ಹೋದೋನು ತಾನಾಗೇ ತಂದು ಅದೇ ಶೆಲ್ಫಲ್ಲಿ ಇಟ್ಟು ಹೋದ ಅಂದ್ರೆ? ಅಲ್ಲೇನೋ ಮಸಲತ್ತಿದೆ. ಕ್ರಿಸ್ಟೋಫರ್ ಮಾರ್ಲಿ ಅನ್ನೋ ಅಮೆರಿಕನ್ ಲೇಖಕ 1919ರಲ್ಲಿ ಬರೆದ ‘ದಿ ಹಾಂಟೆಡ್ ಬುಕ್‌ಶಾಪ್’ ಕಾದಂಬರಿ ನಿಂತಿರೋದೇ ಈ ಒಂದು ಗೊಂದಲದ ಮೇಲೆ. ಹೆಸರು ನೋಡಿ ದೆವ್ವ ಬರುತ್ತೆ ಅಂತ ರಾತ್ರಿ ಲೈಟ್ ಆಫ್ ಮಾಡ್ಕೊಂಡು ಕೂತ್ರೆ ನಿರಾಸೆ ಗ್ಯಾರಂಟಿ, ಯಾಕಂದ್ರೆ ಅಂಗಡೀಲಿ ಓಡಾಡೋ ಭೂತಗಳೆಲ್ಲ ದೊಡ್ಡ ದೊಡ್ಡ ಸಾಹಿತ್ಯದ್ದು ಅಂತ ಗೋಡೆ ಮೇಲೆ ಬೋರ್ಡೇ ಹಾಕಿದಾರೆ.

ಅಂಗಡಿ ಇರೋದು ಬ್ರೂಕ್ಲಿನ್‌ನ ಗಿಸ್ಸಿಂಗ್ ಸ್ಟ್ರೀಟಲ್ಲಿ (ಮ್ಯಾಪಲ್ಲಿ ಹುಡುಕೋಕೆ ಹೋಗ್ಬೇಡಿ, ಮಾರ್ಲಿ ತನಗಿಷ್ಟವಾದ ಕಾದಂಬರಿಕಾರನ ಹೆಸರಿಟ್ಟು ಕಟ್ಟಿದ ಬೀದಿ ಅದು), ಕಾಲ 1918ರ ಕೊನೆ, ಮೊದಲನೇ ಮಹಾಯುದ್ಧ ಆಗಷ್ಟೇ ನಿಂತಿದೆ. ಓನರ್ ರೋಜರ್ ಮಿಫ್ಲಿನ್, ಗಿಡ್ಡ ಮನುಷ್ಯ, ಬೋಳು ತಲೆ, ಬಾಯಲ್ಲಿ ಯಾವಾಗ್ಲೂ ಪೈಪು. ಮುಂಚೆ ಕುದುರೆ ಗಾಡೀಲಿ ಪುಸ್ತಕ ತುಂಬ್ಕೊಂಡು ಹಳ್ಳಿ ಹಳ್ಳಿ ಸುತ್ತಿ ಮಾರ್ತಿದ್ದೋನು, ಆ ಕಥೆ 1917ರ ಇನ್ನೊಂದು ಕಾದಂಬರೀಲಿದೆ. ಈಗ ಮದುವೆಯಾಗಿ ಒಂದು ಕಡೆ ನೆಲೆ ನಿಂತು ಸೆಕೆಂಡ್ ಹ್ಯಾಂಡ್ ಪುಸ್ತಕದ ವ್ಯಾಪಾರ ಮಾಡ್ತಾನೆ. ವ್ಯಾಪಾರ ಅನ್ನೋದಕ್ಕಿಂತ ಡಾಕ್ಟರಿಕೆ ಅನ್ನಬಹುದು, ಬಂದೋರ ನಾಡಿ ನೋಡಿ ನಿಮಗೆ ಈ ಪುಸ್ತಕ ಬೇಕು ಅಂತ ಬರ್ಕೊಡೋದೇ ತನ್ನ ಕೆಲಸ ಅನ್ನೋ ಪೈಕಿ.

ಈ ಅಂಗಡಿಗೆ ಒಂದು ಸಂಜೆ ಆಬ್ರಿ ಗಿಲ್ಬರ್ಟ್ ಅನ್ನೋ ಅಡ್ವರ್ಟೈಸಿಂಗ್ ಕಂಪನಿ ಹುಡುಗ ಬರ್ತಾನೆ. ಸಾರ್, ಒಂದು ಜಾಹೀರಾತು ಕೊಡಿ, ಬಿಸಿನೆಸ್ ಹೆಂಗೆ ಏರುತ್ತೆ ನೋಡಿ ಅಂತ ಶುರು ಮಾಡ್ತಾನೆ. ಮಿಫ್ಲಿನ್ ಹೇಳೋದು, ನನ್ನ ಜಾಹೀರಾತು ಕೆಲಸ ಸ್ಟೀವನ್ಸನ್, ಬ್ರೌನಿಂಗ್, ಕಾನ್ರಾಡ್ ಅಂಡ್ ಕಂಪನಿ ನೋಡ್ಕೊಳ್ತಿದೆ ಅಂತ. ಇವರೆಲ್ಲ ಸಾಹಿತಿಗಳು ಅಂತ ಗೊತ್ತಿಲ್ಲದ ಪಾಪದ ಹುಡುಗ, ಅದ್ಯಾವ್ದೋ ಎದುರಾಳಿ ಏಜೆನ್ಸಿ ಅಂದ್ಕೊಂಡುಬಿಡ್ತಾನೆ! ಆಮೇಲೆ ಮಿಫ್ಲಿನ್ ಅವನನ್ನ ಊಟಕ್ಕೆ ನಿಲ್ಲಿಸಿಕೊಂಡು ಸ್ಯಾಮ್ಯುಯೆಲ್ ಬಟ್ಲರ್ ಅನ್ನೋ ಇಂಗ್ಲಿಷ್ ಲೇಖಕನ ಹೆಸರಿನ ಮೊಟ್ಟೆ ಮಾಡಿ ಹಾಕ್ತಾನೆ: ಕೆಳಗೆ ಟೋಸ್ಟು, ಅದರ ಮೇಲೆ ಬೇಕನ್, ಅದರ ಮೇಲೆ ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಸುತ್ತ ಅಣಬೆ, ತಲೆ ಮೇಲೆ ಕೆಂಪು ಪೆಪ್ಪರು, ಎಲ್ಲದರ ಮೇಲೂ ಬಿಸಿ ಬಿಸಿ ಪಿಂಕ್ ಸಾಸು. ಇನ್ನೂ ಒಂದು ಹೆಣ ಬಿದ್ದಿಲ್ಲ, ಒಂದು ಕಳ್ಳತನ ಆಗಿಲ್ಲ, ಪತ್ತೇದಾರಿ ಕಾದಂಬರೀಲಿ ಮೊಟ್ಟೆ ರೆಸಿಪಿ ಓದ್ತಾ ಕೂತಿರ್ತೀವಿ. ಬೇಜಾರಾಗುತ್ತಾ ಅಂದ್ರೆ ಇಲ್ಲ ಕಣ್ರೀ, ಇದೇ ಚೆನ್ನಾಗಿದೆ, ಬಾಂಬು ಗೀಂಬು ನಿಧಾನಕ್ಕೆ ಬರ್ಲಿ ಅನ್ಸುತ್ತೆ.

ಬಾಂಬು ಅಂದೆನಲ್ಲ, ಹೇಳೇಬಿಡ್ತೀನಿ, ನೂರು ವರ್ಷ ದಾಟಿದ ಕಾದಂಬರಿಗೆ ಇನ್ನೆಂಥಾ ಸ್ಪಾಯ್ಲರು. ಕಾಣೆಯಾಗೋದು, ಬರೋದು, ಮತ್ತೆ ಕಾಣೆಯಾಗೋದು ಮಾಡೋ ಪುಸ್ತಕ ಇತಿಹಾಸಕಾರ ಕಾರ್ಲೈಲ್ ಸಂಪಾದಿಸಿದ, 17ನೇ ಶತಮಾನದಲ್ಲಿ ಇಂಗ್ಲೆಂಡ್ ಆಳಿದ ಆಲಿವರ್ ಕ್ರಾಮ್‌ವೆಲ್‌ನ ಪತ್ರಗಳು ಮತ್ತು ಭಾಷಣಗಳು. ಅಷ್ಟರಲ್ಲಿ ಪೇಪರಲ್ಲಿ ಒಂದು ಜಾಹೀರಾತು, ಕ್ರಾಮ್‌ವೆಲ್ ಪುಸ್ತಕ ಕಳೆದುಹೋಗಿದೆ, ಸಿಕ್ಕಿದೋರು ಡಿಸೆಂಬರ್ 3ರ ರಾತ್ರಿ ಹನ್ನೆರಡರ ಒಳಗೆ ಆಕ್ಟಗನ್ ಹೋಟೆಲಿನ ಅಸಿಸ್ಟೆಂಟ್ ಶೆಫ್‌ಗೆ ತಲುಪಿಸಿ ಅಂತ. ಅಡುಗೆ ಭಟ್ಟರಿಗೆ ಕ್ರಾಮ್‌ವೆಲ್ ಯಾಕಪ್ಪಾ, ಅದೂ ಟೈಮ್ ಹೇಳಿ? ಡಿಸೆಂಬರ್ 4ಕ್ಕೆ ಅಧ್ಯಕ್ಷ ವುಡ್ರೋ ವಿಲ್ಸನ್ ಶಾಂತಿ ಸಮ್ಮೇಳನಕ್ಕೆ ಅಂತ ಜಾರ್ಜ್ ವಾಷಿಂಗ್ಟನ್ ಹಡಗು ಹತ್ತಿದ್ದು ನಿಜವಾದ ಇತಿಹಾಸ. ಕಾದಂಬರೀಲಿ ಜರ್ಮನ್ ಗೂಢಚಾರರು ಅವನ ಕ್ಯಾಬಿನ್ನಲ್ಲಿ ಅವನು ಓದಬೇಕು ಅಂದ್ಕೊಂಡಿರೋ ಇದೇ ಪುಸ್ತಕದ ರಟ್ಟಿನೊಳಗೇ ಬಾಂಬ್ ಇಡೋ ಪ್ಲಾನ್ ಹಾಕಿರ್ತಾರೆ.

ನನಗೆ ಮಜಾ ಅನ್ಸಿದ್ದು ಇಲ್ಲಿ. ಇಡೀ ಕಥೇಲಿ ಪುಸ್ತಕದ ಬಗ್ಗೆ ಅತಿ ಹೆಚ್ಚು ಗೊತ್ತಿರೋ ಮನುಷ್ಯ ಮಿಫ್ಲಿನ್, ಆದ್ರೆ ಪತ್ತೇದಾರಿಕೇಲಿ ಅವನು ಸೊನ್ನೆ. ಅವನಿಗೆ ಪುಸ್ತಕ ಅಂದ್ರೆ ಒಳಗೆ ಬರ್ದಿರೋದು. ಖಳರಿಗೆ ಪುಸ್ತಕ ಅಂದ್ರೆ ರಟ್ಟು, ಬೈಂಡು, ಒಳಗೆ ಎಷ್ಟು ಹಿಡಿಸುತ್ತೆ ಅನ್ನೋ ಲೆಕ್ಕ. ಆ ಗೂಢಚಾರರಲ್ಲೊಬ್ಬ, ಔಷಧಿ ಅಂಗಡಿಯ ವೈನ್‌ಟ್ರಾಬ್, ಪುಸ್ತಕದಂಗಡಿಯೊಳಗೇ ಓಡಾಡಿಕೊಂಡು ಕೆಲಸ ಸಾಧಿಸ್ತಿರ್ತಾನೆ, ನಮ್ಮ ಯಜಮಾನ್ರು ಒಳ್ಳೆ ಪುಸ್ತಕ ಓದಿದ್ರೆ ಯುದ್ಧಗಳೇ ನಿಲ್ತವೆ ಅಂತ ಭಾಷಣ ಮಾಡ್ತಾ ಕೂತಿರ್ತಾರೆ. ಸುಳಿವು ಸಿಗೋದು ಸಾಹಿತ್ಯದ ಗಂಧ ಅಷ್ಟೇನಿಲ್ಲದ ಜಾಹೀರಾತು ಹುಡುಗನಿಗೆ, ಯಾಕಂದ್ರೆ ಅವನಿಗೂ ಪುಸ್ತಕ ಒಂದು ವಸ್ತು ಅಷ್ಟೇ. ಜೊತೆಗೆ ಅಂಗಡಿಗೆ ಕೆಲಸ ಕಲಿಯೋಕೆ ಬಂದ ಶ್ರೀಮಂತರ ಮನೆ ಹುಡುಗಿ ಟೈಟಾನಿಯಾ ಮೇಲೆ ಅವನ ಕಣ್ಣು ಬಿದ್ದಿದೆ, ಹಂಗಾಗಿ ಎದುರು ಮನೇಲಿ ರೂಮ್ ಹಿಡ್ಕೊಂಡು ಹಗಲೂ ರಾತ್ರಿ ಅಂಗಡಿ ಕಾಯ್ತಾನೆ. ಅವನೂ ಏನು ಮಹಾ ಬುದ್ಧಿವಂತ ಅಲ್ಲ ಬಿಡಿ, ಮಿಫ್ಲಿನ್‌ನೇ ಖಳ ಅಂದ್ಕೊಂಡು ಫಿಲಡೆಲ್ಫಿಯಾವರೆಗೂ ಹಿಂಬಾಲಿಸಿ ಹೊಡೆದಾಡಿಕೊಳ್ತಾನೆ.

ಪುಸ್ತಕನ ವಸ್ತು ಅಂತ ನೋಡೋದ್ರಲ್ಲಿ ನಾನೂ ಖಳರ ಪಾರ್ಟಿನೇ. ನಮ್ಮನೇಲಿರೋ ಕಿಟ್ಟೆಲ್ ನಿಘಂಟು ವಿಡಿಯೋ ಕಾಲ್ ಟೈಮಲ್ಲಿ ಲ್ಯಾಪ್‌ಟಾಪ್ ಕೆಳಗಿರುತ್ತೆ, ಹೈಟು ಕರೆಕ್ಟಾಗಿ ಬರುತ್ತೆ, ಮುಖ ಚೆನ್ನಾಗಿ ಕಾಣುತ್ತೆ. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ ಆ ಮಹಾಗ್ರಂಥ ಮಾಡೋಕೆ ಕಿಟ್ಟೆಲ್ ಎಷ್ಟು ವರ್ಷ ಒದ್ದಾಡಿದ್ರೋ, ನಾನು ಅದರ ಮೇಲೆ ಮೀಟಿಂಗ್ ಮಾಡ್ತೀನಿ. ಈ ಕಾದಂಬರಿ ಓದ್ತಾ ಕಿಟ್ಟೆಲ್ ನೆನಪಾಗೋಕೆ ಇನ್ನೊಂದು ಕಾರಣ ಇದೆ. ಇದರಲ್ಲಿ ಶೆಫ್ಫು, ಔಷಧಿ ಅಂಗಡಿಯವನು, ಅಂತೂ ಕೆಟ್ಟೋರೆಲ್ಲ ಜರ್ಮನ್ನರು, ಯುದ್ಧದ ಬಿಸಿ ಇನ್ನೂ ಆರಿರಲಿಲ್ಲ. ಅದೇ ಯುದ್ಧದ ಟೈಮಲ್ಲಿ ನಮ್ಮ ಕಡೆ ಬ್ರಿಟಿಷರು ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನ ಹಿಡಿದು ಕ್ಯಾಂಪಿಗೆ ಕಳಿಸಿದ್ರು, ಮಿಷನ್ನಿನ ಹೆಂಚಿನ ಕಾರ್ಖಾನೆಗಳೂ ಕೈ ತಪ್ಪಿ ಹೋದವು. ಅದೇ ಮಿಷನ್ನಿನ ಜರ್ಮನ್ ಪಾದ್ರಿ ಕಿಟ್ಟೆಲ್, ಪುಣ್ಯಾತ್ಮ, 1903ರಲ್ಲೇ ತೀರ್ಕೊಂಡಿದ್ರು. ಇದೆಲ್ಲ ತಲೇಲಿಟ್ಕೊಂಡು ಓದಿದ್ರೆ ವೈನ್‌ಟ್ರಾಬ್ ಹೆಸರು ಬಂದ ಕೂಡ್ಲೇ ಇವನೇ ಅಂತ ಬೆರಳು ತೋರ್ಸೋ ಆ ಕಾಲದ ಓದುಗರ ಖುಷಿ ಅಷ್ಟು ರುಚಿಸಲ್ಲ.

ಕೊನೇಲಿ ಅಂಗಡಿಯೊಳಗೇ ಬಾಂಬ್ ಸಿಡಿಯುತ್ತೆ, ವೈನ್‌ಟ್ರಾಬ್ ಸಾಯ್ತಾನೆ, ಜೊತೆಗೆ ಮಿಫ್ಲಿನ್‌ನ ನಾಯಿ ಬಾಕ್ ಕೂಡ. ಇಟಲಿಯ ಸಾಹಿತಿ ಬೊಕಾಚಿಯೋ ಹೆಸರನ್ನ ಮುದ್ದಾಗಿ ಬಾಕ್ ಮಾಡಿದ್ರು. ಮಾರ್ಲಿ ಮೇಲೆ ನನಗಿರೋ ಕೋಪ ಇದೊಂದೇ. ಅಧ್ಯಕ್ಷರು ಉಳ್ಕೊಂಡ್ರು, ಹುಡುಗ ಹುಡುಗಿ ಒಂದಾದ್ರು, ನಾಯಿ ಏನ್ ಮಾಡಿತ್ತು ಸ್ವಾಮಿ?

ಬೆಂಗಳೂರಲ್ಲಿ 2009ರವರೆಗೆ ಪ್ರೀಮಿಯರ್ ಬುಕ್‌ಶಾಪ್ ಇತ್ತು, ಅಲ್ಲಿಗೆ ಹೋಗಿದ್ದೋರಿಗೆ ಈ ಕಥೆ ಇನ್ನೂ ಹತ್ತಿರ ಅನ್ಸುತ್ತೆ. ಕಾಲಿಡೋಕೆ ಜಾಗ ಇರ್ತಿರಲಿಲ್ಲ, ಪುಸ್ತಕದ ಗುಡ್ಡೆ ಮೇಲೆ ಗುಡ್ಡೆ, ಯಾವ ಪುಸ್ತಕ ಕೇಳಿದ್ರೂ ಓನರ್ ಶಾನಭಾಗರು ಎದ್ದು ಬಂದು ಎಲ್ಲಿಂದಲೋ ತೆಗೆದು ಕೊಡೋರು. ಅಲ್ಲಿ ಯಾರಾದ್ರೂ ಒಂದು ಪುಸ್ತಕ ಎತ್ತಿ ಎರಡು ದಿನ ಬಿಟ್ಟು ವಾಪಸ್ ಇಟ್ಟಿದ್ರೆ ಅವರಿಗೆ ಖಂಡಿತ ಗೊತ್ತಾಗ್ತಿತ್ತು, ಉಳಿದ ನಾವೆಲ್ಲ ಗುಡ್ಡೆ ಬೀಳದಿದ್ರೆ ಸಾಕು ಅಂತ ಉಸಿರು ಬಿಗಿ ಹಿಡ್ಕೊಂಡಿರ್ತಿದ್ವಿ.

ಇಷ್ಟು ಸಡಿಲವಾಗಿ ಪತ್ತೇದಾರಿ ಹೆಣೆದ ಇದೇ ಮಾರ್ಲಿ 1934ರಲ್ಲಿ ನ್ಯೂಯಾರ್ಕಲ್ಲಿ ಶೆರ್ಲಾಕ್ ಹೋಮ್ಸ್ ಭಕ್ತರನ್ನೆಲ್ಲ ಸೇರಿಸಿ ಬೇಕರ್ ಸ್ಟ್ರೀಟ್ ಇರೆಗ್ಯುಲರ್ಸ್ ಅನ್ನೋ ಸಂಘ ಕಟ್ಟಿದ ಅಂದ್ರೆ ನಗು ಬರುತ್ತೆ. ಹೋಮ್ಸ್ ಏನಾದ್ರೂ ಗಿಸ್ಸಿಂಗ್ ಸ್ಟ್ರೀಟಿಗೆ ಬಂದಿದ್ರೆ ಔಷಧಿ ಅಂಗಡಿಯವನ ಬೆರಳಿಗೆ ಮೆತ್ತಿರೋ ಗೋಂದು ನೋಡಿ ಎರಡನೇ ಅಧ್ಯಾಯಕ್ಕೇ ಕೇಸ್ ಕ್ಲೋಸ್ ಮಾಡಿರೋನು, ಮೊಟ್ಟೆ ಮುಟ್ಟದೇ ರೈಲು ಹತ್ತಿರೋನು.