ಜೀಲಾಂಗ್ ತಂಡದ ಜಂಪರಿನ (ಆಟದ ಅಂಗಿಯ) ನೀಲಿ-ಬಿಳಿ ಪಟ್ಟೆ ಫೋರ್ಡ್ ಕಂಪನಿಯದ್ದಲ್ಲ: ಸ್ಪಷ್ಟನೆ

'ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಜೀಲಾಂಗ್ ತಂಡ ಫೋರ್ಡ್ ಲೋಗೋಗೆ ಹೊಂದಲಿ ಎಂದು ತನ್ನ ಬಣ್ಣವನ್ನೇ ನೀಲಿ-ಬಿಳಿಗೆ ಬದಲಿಸಿಕೊಂಡಿತು' ಎಂಬ ಸಂದೇಶ ಫೋಟೋ ಸಮೇತ ಹರಿದಾಡುತ್ತಿದೆ. ಇದು ತಪ್ಪು.

ಇಸವಿ ನೋಡಿದರೆ ಸಾಕು. ಕ್ಲಬ್ ಹುಟ್ಟಿದ್ದು 1859ರಲ್ಲಿ. 1897ರಲ್ಲಿ ಈ ಆಟದ ಲೀಗ್ ವಿಎಫ್‌ಎಲ್ (ಈಗಿನ ಎಎಫ್‌ಎಲ್) ಶುರುವಾದಾಗಲೇ ಅದರ ಬಣ್ಣ ಕಡುನೀಲಿ ಮತ್ತು ಬಿಳಿ. ಫೋರ್ಡ್ ಕ್ಲಬ್ಬಿನ ಊರಾದ ಜೀಲಾಂಗ್‌ಗೆ ಬಂದದ್ದು 1925ರಲ್ಲಿ. ಹಳೆಯ ಉಣ್ಣೆ ಗೋದಾಮೊಂದರಲ್ಲಿ ಮಾಡೆಲ್ ಟಿ ಕಾರು ಜೋಡಿಸಲು ಆರಂಭಿಸಿತು. ಕ್ಲಬ್ಬಿಗೆ ಫೋರ್ಡ್‌ನ ಪ್ರಾಯೋಜಕತ್ವವೂ ಆ ವರ್ಷದ್ದೇ. ಜೀಲಾಂಗ್ ಮೊದಲ ವಿಎಫ್‌ಎಲ್ ಪ್ರಶಸ್ತಿ ಗೆದ್ದದ್ದೂ 1925ರಲ್ಲೇ, ಗೊಂದಲಕ್ಕೆ ಇದೂ ಕಾರಣವಿರಬಹುದು. ನೀಲಿ ಎಂದರೆ ಊರಿನ ಕೊರಿಯೊ ಕೊಲ್ಲಿಯ ನೀರು, ಬಿಳಿ ಎಂದರೆ ಕಡಲಹಕ್ಕಿ ಎಂಬುದು ಊರವರ ವಿವರಣೆ.

ಸಂದೇಶದಲ್ಲಿ ಒಂದು ಮಾತು ಮಾತ್ರ ನಿಜ: ಈ ಒಪ್ಪಂದ ಕ್ರೀಡಾಲೋಕದ ಅತಿ ದೀರ್ಘ ಪ್ರಾಯೋಜಕತ್ವಗಳಲ್ಲೊಂದು. ಫೋರ್ಡ್ 2016ರಲ್ಲಿ ಅಲ್ಲಿನ ಕಾರ್ಖಾನೆ ಮುಚ್ಚಿದ ಮೇಲೂ ಅದು ಮುಂದುವರಿದಿದೆ.

ಫೋಟೋ ನೋಡುವಾಗ ಪಟ್ಟೆಯ ದಿಕ್ಕು ಗಮನಿಸಿ. ಜೀಲಾಂಗ್‌ನ ಪಟ್ಟೆ ಅಡ್ಡ. ನೀಲಿ-ಬಿಳಿ ಉದ್ದ ಪಟ್ಟೆಯಿದ್ದರೆ ಅದು ನಾರ್ತ್ ಮೆಲ್ಬರ್ನ್ ಎಂಬ ಬೇರೆ ತಂಡ. ಫೋರ್ಡ್‌ನ ನೀಲಿ ಅಂಡಾಕಾರ ಎದೆಯ ಮೇಲೆ ಕೂರುತ್ತದೆ. ಅದರ ಬಿಳಿ ಅಂಚು ಸಣ್ಣ ಫೋಟೋದಲ್ಲಿ ಬಿಳಿ ಪಟ್ಟೆಯೊಳಗೆ ಬೆರೆತು, ಲೋಗೋ ಮತ್ತು ಪಟ್ಟೆ ಒಂದೇ ವಿನ್ಯಾಸದಂತೆ ಕಾಣುತ್ತವೆ. ಅವು ಬೇರೆ ಬೇರೆ: ಲೋಗೋ ಒಪ್ಪಂದಕ್ಕೆ ಸೇರಿದ್ದು, ಪಟ್ಟೆ ಕ್ಲಬ್ಬಿನದು.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಇಸವಿಗಳನ್ನೂ ಹಾಕಿ.