ಸತ್ಯಾಂಶ: ಎರಡು ವಾರ ಗ್ಲುಟೆನ್ ಬಿಟ್ಟರೆ ಏಕಾಗ್ರತೆ ಹೆಚ್ಚುವುದೇ?

ಪರೀಕ್ಷೆಗೆ ಮುನ್ನ ಎರಡು ವಾರ ಗ್ಲುಟೆನ್ ಬಿಟ್ಟರೆ ದೇಹ ಶುದ್ಧಿಯಾಗಿ ಏಕಾಗ್ರತೆ ಹೆಚ್ಚುತ್ತದೆ ಎಂಬ ಸಂದೇಶ ಕಾಲೇಜು ವಿದ್ಯಾರ್ಥಿಗಳ ನಡುವೆ ಹರಿದಾಡುತ್ತಿದೆ, ಇದಕ್ಕೆ ಆಧಾರವಿಲ್ಲ. ಗ್ಲುಟೆನ್ ವಿಷವಲ್ಲ, ನಾದಿದ ಗೋಧಿ ಹಿಟ್ಟನ್ನು ಎಳೆದಾಗ ಹರಿಯದೆ ಹಿಗ್ಗುವಂತೆ ಮಾಡುವ ಪ್ರೋಟೀನು. ಬಿಸ್ಕತ್ತು, ನೂಡಲ್ಸ್ ಬಿಟ್ಟವರಿಗೆ ಮೈ ಹಗುರವೆನಿಸಿದರೆ, ಎಣ್ಣೆ, ಉಪ್ಪು, ಸಕ್ಕರೆ ತಗ್ಗಿದ್ದೂ ಅದಕ್ಕೆ ಕಾರಣವಿರಬಹುದು. ಸುಮಾರು ಶೇ. 1ರಷ್ಟು ಜನರಲ್ಲಿರುವ ಸೀಲಿಯಾಕ್ ಕಾಯಿಲೆಯಲ್ಲಿ ಗ್ಲುಟೆನ್‌ನಿಂದಾಗಿ ಸಣ್ಣ ಕರುಳಿನ ಒಳಪದರ ಹಾಳಾಗುವುದು ನಿಜ, ಆದರೆ ಅವರಿಗೆ ಬೇಕಾದದ್ದು ಜೀವನಪರ್ಯಂತದ ಪಥ್ಯ. ನನಗೆ ಹೆಚ್ಚು ಆತಂಕವಾಗುವುದು ಇದಕ್ಕೇ: ಊಟದ ನಂತರ ಹೊಟ್ಟೆ ಉಬ್ಬರಿಸುವ ವಿದ್ಯಾರ್ಥಿ ತಾನಾಗಿಯೇ ಗ್ಲುಟೆನ್ ಬಿಟ್ಟು, ಆಮೇಲೆ ರಕ್ತ ತಪಾಸಣೆಗೆ ಹೋದರೆ, ಈ ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯಗಳ ಮಟ್ಟ ಇಳಿದು, ಇರುವ ಕಾಯಿಲೆಯೇ ವರದಿಯಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಅನುಮಾನವಿರುವವರು ವೈದ್ಯರನ್ನು ಕಂಡು, ತಪಾಸಣೆ ಮುಗಿಯುವವರೆಗೆ ಎಂದಿನ ಆಹಾರವನ್ನೇ ಸೇವಿಸಬೇಕು.